ಫೋಟೋ ಕ್ಲೌಡಲ್ಲಿ ಉಂಟು ಸರಿ, ಜಿಮೇಲ್ ಯಾರ ಕೈಲುಂಟು?

"ಎಲ್ಲ ಕ್ಲೌಡಲ್ಲಿ ಉಂಟು, ಫೋನ್ ಹಾಳಾದ್ರೂ ಎಂತ ಆಗುದಿಲ್ಲ" ಅಂತ ಧೈರ್ಯದಲ್ಲಿ ಹೇಳುವವರು ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಬೇಕಾದಷ್ಟು ಜನ ಇದ್ದಾರೆ. ಕ್ಲೌಡ್ ಅಂದ್ರೆ ಇಂಟರ್ನೆಟ್ಟಲ್ಲಿರುವ ಉಗ್ರಾಣ, ಗೂಗಲ್‌ನದ್ದಾದ್ರೆ ಅದರ ಬೀಗ ತೆಗೀಲಿಕ್ಕೆ ಜಿಮೇಲ್ ಐಡಿ, ಪಾಸ್‌ವರ್ಡ್ ಬೇಕು. ಹಾಗೆ ಹೇಳುವವರ ಹತ್ರ ಪಾಸ್‌ವರ್ಡ್ ಬಿಡಿ, ಜಿಮೇಲ್ ಐಡಿ ಯಾವುದು ಅಂತ ಕೇಳಿ ನೋಡಿ, ಹಿರಿಯರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರುದಿಲ್ಲ. ಫೋನ್ ತಗೊಂಡ ಅಂಗಡಿಯ ಹುಡುಗ ಕೌಂಟರಲ್ಲೇ ನಿಂತು ಎಂತದೋ ಒಂದು ಹೆಸರು, ಹಿಂದೆ ನಾಲ್ಕು ನಂಬರ್ ಹಾಕಿ ಮಾಡಿ ಕೊಟ್ಟದ್ದು. ಅವನೀಗ ದುಬಾಯಲ್ಲಿ.

ನಮ್ಮ ನೆರೆಕರೆಯ ಮಾವ ಒಬ್ಬರದ್ದು ಹೇಳ್ತೇನೆ. ಅಡಿಕೆಗೆ ಮದ್ದು ಬಿಡಿಸುವಾಗ ಬಗ್ಗಿದ್ದೇ ತಡ, ಅಂಗಿ ಕಿಸೆಯಿಂದ ಫೋನ್ ಸೀದಾ ಮೈಲುತುತ್ತಿನ ಡ್ರಮ್ಮಿಗೆ. ಒರೆಸಿ, ಬಿಸಿಲಿಗಿಟ್ಟು, ಅಕ್ಕಿ ಡಬ್ಬದಲ್ಲಿ ಹುಗಿದು ಎಲ್ಲ ಆಯ್ತು, ಏಳ್ಲಿಲ್ಲ. ಹೊಸ ಫೋನ್ ತಂದು ನನ್ನನ್ನು ಕರೆದು ಹಳೇ ಫೋಟೋ ಎಲ್ಲ ಬರಿಸಿ ಕೊಡು ಅಂದ್ರು. "ಪಾಸ್‌ವರ್ಡ್ ಎಂತ ಮಾವ?" ಕೇಳಿದೆ. "ಮೇಲಿಂದ ಕೆಳಗೆ ಎಳೆದು ಬಲಕ್ಕೆ ತಿರುಗಿಸುದು" ಅಂತ ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದ್ರು! ಅದು ಫೋನಿನ ಲಾಕ್ ಮಾರಾಯ್ರೇ, ಜಿಮೇಲಿಂದಲ್ಲ. ಐಡಿ ಹೇಗೋ ಮಗಳ ಹತ್ರ ಸಿಕ್ಕಿತು, ಆದ್ರೆ ಓಟಿಪಿ ಹೋಗುದು ಅವರು ಮಂಗಳೂರಲ್ಲಿ ಕೆಲಸಕ್ಕಿದ್ದಾಗಿನ ಸಿಮ್ಮಿಗೆ, ಅದು ಸತ್ತು ಎಷ್ಟೋ ಕಾಲ ಆಗಿದೆ. ಮನೆಯ ದೈವದ ಕೋಲದ್ದು, ತೀರಿಹೋದ ಅತ್ತೆಯದ್ದು, 1956ಕ್ಕಿಂತ ಮುಂಚೆ ನಮ್ಮೂರು ಮದ್ರಾಸಿಗೆ ಸೇರಿದ್ದ ಕಾಲದ ಜಾಗದ ಕನ್ನಡ ದಾಖಲೆಗಳದ್ದು, ಎಲ್ಲ ಫೋಟೋ ಕ್ಲೌಡಲ್ಲಿ ಭದ್ರವಾಗಿ ಉಂಟು. ಭದ್ರ ಅಂದ್ರೆ ಅವರಿಗೇ ಸಿಕ್ಕದಷ್ಟು ಭದ್ರ.

ಈ ಓಟಿಪಿ ಕತೆ ನಮ್ಮ ಗಡಿಯವರಿಗೆ ಬೇರೆಯವರಿಗಿಂತ ಜಾಸ್ತಿ. ಒಂದು ಕೇರಳ ಸಿಮ್, ಒಂದು ಕರ್ನಾಟಕ ಸಿಮ್, ಗಲ್ಫಿಂದ ಬಂದವರದ್ದಾದ್ರೆ ಅಲ್ಲಿಯದ್ದೊಂದು. 90 ದಿನ ಬಳಸದೆ, ಬ್ಯಾಲೆನ್ಸೂ ಇಲ್ಲದೆ ಬಿಟ್ರೆ ನಂಬರ್ ಕಟ್ ಆಗ್ಬಹುದು, ಆಮೇಲೆ ಅದೇ ನಂಬರ್ ಬೇರೆ ಯಾರಿಗೋ ಹೋಗ್ತದೆ. ಅಲ್ಲಿಗೆ ನಿಮ್ಮ ಫೋಟೋದ ಬೀಗದ ಕೈ ಗುರ್ತವೇ ಇಲ್ಲದವರ ಕಿಸೆಯಲ್ಲಿ.

ಕ್ಲೌಡಿನ ಜಾಗದ ವಿಷಯ ಎಲ್ಲರೂ ಮಾತಾಡ್ತಾರೆ ಆದ್ರೂ ಹೇಳ್ತೇನೆ. ಗೂಗಲ್ ಫೋಟೋಸ್ 2015ರಲ್ಲಿ ಶುರುವಾದಾಗ ಸ್ವಲ್ಪ ಕುಗ್ಗಿಸಿದ ಫೋಟೋ ಎಷ್ಟು ಬೇಕಾದ್ರೂ ಫ್ರೀ ಇತ್ತು, 2021 ಜೂನ್ 1ರಿಂದ ಅದು ನಿಂತಿತು. ಈಗ ಫ್ರೀ ಸಿಗುವ 15 ಜಿಬಿಯಲ್ಲೇ ಜಿಮೇಲೂ ಬರ್ಬೇಕು, ಗೂಗಲ್ ಡ್ರೈವಿನ ಫೈಲೂ ಬರ್ಬೇಕು, ಫೋಟೋನೂ ಬರ್ಬೇಕು, 2024ರಿಂದ ಆಂಡ್ರಾಯ್ಡಿನ ವಾಟ್ಸಾಪ್ ಬ್ಯಾಕಪ್ಪೂ ಅದರಲ್ಲೇ. ಐಫೋನಿನವರಿಗೆ ಆಪಲ್‌ನ ಕ್ಲೌಡಲ್ಲಿ ಫ್ರೀ 5 ಜಿಬಿ ಮಾತ್ರ. ಜಾಗ ತುಂಬಿದ್ರೆ ಬ್ಯಾಕಪ್ ಸದ್ದಿಲ್ಲದೆ ನಿಲ್ತದೆ, ಒಂದು ನೋಟಿಫಿಕೇಶನ್ ಬರ್ತದೆ ಸರಿ, ಅದೂ ಇಂಗ್ಲಿಷಲ್ಲಿ. ಸಿಮ್ ಕಂಪನಿಯ ಮಲಯಾಳಂ ಮೆಸೇಜನ್ನು ಒರೆಸಿ ಹಾಕುವ ಬೆರಳು ಇದನ್ನೂ ಒರೆಸಿ ಹಾಕ್ತದೆ. ಫೋನಿನ ಭಾಷೆ ಕನ್ನಡ ಮಾಡ್ಲಿಕ್ಕೆ ಆಗ್ತದೆ, ಮಾಡಿ ಕೊಡುವವರಿಲ್ಲ ಅಷ್ಟೆ.

ಇನ್ನೊಂದು, ಗೂಗಲ್ ಫೋಟೋಸ್ ಆ್ಯಪ್ ತಾನಾಗಿ ಬ್ಯಾಕಪ್ ಮಾಡುದು ಕ್ಯಾಮರಾದಲ್ಲಿ ತೆಗೆದದ್ದನ್ನು. ಅಬುಧಾಬಿಯಿಂದ ಮಗ ವಾಟ್ಸಾಪಲ್ಲಿ ಕಳಿಸಿದ ಮೊಮ್ಮಗುವಿನ ಫೋಟೋ ಬೇರೆ ಫೋಲ್ಡರಿನಲ್ಲಿ ಇರ್ತದೆ, ಅದನ್ನು ನಾವೇ ಆನ್ ಮಾಡ್ಬೇಕು. ಆನ್ ಮಾಡಿದ್ರೆ ಶುಭೋದಯದ ಗುಲಾಬಿ ಹೂವೂ ಒಟ್ಟಿಗೇ ಹೋಗ್ತದೆ, ಅದಕ್ಕೆಂತ ಮಾಡ್ಲಿಕ್ಕಾಗುದಿಲ್ಲ. ಮತ್ತೆ ಫೋನಲ್ಲಿ ಜಾಗ ಇಲ್ಲ ಅಂತ ಫೋಟೋಸ್ ಆ್ಯಪ್ ಒಳಗೆ ಹೋಗಿ ಡಿಲೀಟ್ ಒತ್ತಿದ್ರೆ ಕ್ಲೌಡಿಂದಲೂ ಹೋಗ್ತದೆ! ಬ್ಯಾಕಪ್ ಆದದ್ದಾದ್ರೆ ಟ್ರ್ಯಾಶಲ್ಲಿ 60 ದಿನ ಇರ್ತದೆ, ಆಮೇಲೆ ಇಲ್ಲ. ಫೋನಿಂದ ಮಾತ್ರ ತೆಗೀಲಿಕ್ಕೆ ಅದರಲ್ಲೇ ಬೇರೆ ಬಟನ್ ಉಂಟು.

ಪಾಸ್‌ವರ್ಡ್ ಬರೆದಿಡ್ಬಾರದು ಅಂತ ಹೇಳ್ತಾರಲ್ಲ, ನಾನು ಒಪ್ಪುದಿಲ್ಲ. ಬ್ಯಾಂಕಿನ ಪಿನ್ ಬೇರೆ ವಿಷಯ. ಆದ್ರೆ ಎಪ್ಪತ್ತು ದಾಟಿದವರ ಜಿಮೇಲ್ ಐಡಿ, ಪಾಸ್‌ವರ್ಡ್ ಒಂದು ಪುಸ್ತಕದಲ್ಲಿ ಬರೆದು ರೇಷನ್ ಕಾರ್ಡ್ ಇಡುವಲ್ಲೇ ಇಡಿ, ಕಪಾಟು ಒಡೆದು ಯಾವ ಕಳ್ಳನೂ ಅತ್ತೆಯ ಫೋಟೋ ನೋಡ್ಲಿಕ್ಕೆ ಬರುದಿಲ್ಲ. ರಿಕವರಿಗೆ, ಅಂದ್ರೆ ಪಾಸ್‌ವರ್ಡ್ ಮರೆತ್ರೆ ಅಕೌಂಟ್ ವಾಪಸ್ ಪಡೀಲಿಕ್ಕೆ, ಮಗನದ್ದೋ ಮಗಳದ್ದೋ ಈಗ ಚಾಲ್ತಿಯಲ್ಲಿರುವ ನಂಬರ್ ಹಾಕಿ. ಎರಡು ವರ್ಷ ಆ ಅಕೌಂಟ್ ಮುಟ್ಟದಿದ್ರೆ ಗೂಗಲ್‌ನವರು ಅದನ್ನೇ ಅಳಿಸಬಹುದು, ತೀರಿಹೋದವರ ಫೋಟೋ ಅದರಲ್ಲಿ ಇದ್ದವರು ಇವತ್ತೇ ಲಾಗಿನ್ ಮಾಡಿ ನೋಡಿ, ಒಂದು ಕಾಪಿ ಹಾರ್ಡ್‌ಡಿಸ್ಕಿಗೂ ಇಳಿಸಿ.

ಮೊಬೈಲ್ ಅಂಗಡಿಯವರಲ್ಲೂ ಒಂದು ವಿನಂತಿ. ಐಡಿ ಮಾಡಿ ಕೊಡಿ, ಬೇಡ ಅನ್ನುದಿಲ್ಲ, ಬಿಲ್ಲಿನ ಹಿಂದೆ ಅದನ್ನು ಬರೆದೂ ಕೊಡಿ, ಪಾಸ್‌ವರ್ಡ್ ಮಾತ್ರ ಅವರೇ ಒತ್ತಲಿ. ತಡ ಆಗ್ತದೆ ಅಂತ ಹೇಳ್ಬೇಡಿ, ಸ್ಕ್ರೀನ್ ಗಾರ್ಡ್ ಅಂಟಿಸ್ಲಿಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ತಗೊಳ್ತೀರಿ.