ಪರ-ವಿರೋಧ: ಮಂಗನ ಕಾಯಿಲೆಗೇ ಲಸಿಕೆ ಇಲ್ಲ, ಟಿ-ರೆಗ್ (ರೋಗನಿರೋಧಕ ಶಕ್ತಿಯನ್ನು ಹತೋಟಿಯಲ್ಲಿಡುವ ಕೋಶ) ಸಂಶೋಧನೆಗೆ ಸರ್ಕಾರದ ದುಡ್ಡು ಬೇಕಾ?

ಪರ
(ಬರೆದವರು: ಹೈಸ್ಕೂಲ್ ವಿಜ್ಞಾನ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು)

ನಮ್ಮ ಅಡುಗೆಮನೆ ಮೂಲೆಯಲ್ಲಿ ಒಂದು ದೊಡ್ಡ ಮಡಕೆ ಇದೆ. ಅದರೊಳಗೆ ಒದ್ದೆ ಮರಳು, ಮರಳಿನ ನಡುವೆ ಚಿಕ್ಕ ಕುಡಿಕೆ, ಬಾಯಿಗೆ ಒದ್ದೆ ಬಟ್ಟೆ. ಕುಡಿಕೆಯೊಳಗಿನ ಡಬ್ಬಿಯಲ್ಲಿ ಮಗಳ ಇನ್ಸುಲಿನ್. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಲೈನ್ ಮೇಲೆ ಮರ ಬಿತ್ತೆಂದರೆ ನಮಗೆ ಮೂರು ದಿನ ಕರೆಂಟಿಲ್ಲ. ಫ್ರಿಜ್ ಆಗ ಬರೀ ಕಪಾಟು. ಮಳೆಗಾಲದಲ್ಲಾದರೆ ಚಿಂತೆಯಿಲ್ಲ, ಊರೇ ಫ್ರಿಜ್.

ಅವಳಿಗೆ ಆಗ ಒಂಬತ್ತು ವರ್ಷ. ರಾತ್ರಿಗೆ ಎರಡು ತಂಬಿಗೆ ನೀರು ಖಾಲಿ ಮಾಡುತ್ತಿದ್ದಳು. ಹಾಸಿಗೆ ಒದ್ದೆಯಾಗುತ್ತಿತ್ತು. ಹಬ್ಬಕ್ಕೆ ಹೊಲಿಸಿದ ಲಂಗ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಮೊದಲು ತೋರಿಸಿದ ಕಡೆ ಹುಳದ ಮಾತ್ರೆ ಕೊಟ್ಟು ಕಳಿಸಿದರು. ವಾರ ಕಳೆದು ಶಿವಮೊಗ್ಗಕ್ಕೆ ಕಾರಿನಲ್ಲಿ ಮಲಗಿಸಿಕೊಂಡು ಹೋದಾಗ ಶುಗರ್ 486. ಟೈಪ್ 1 ಡಯಾಬಿಟಿಸ್. ನಮ್ಮತ್ತೆ ಇವತ್ತಿಗೂ "ಬೆಲ್ಲ ಕದ್ದು ತಿಂತಿತ್ತು ಕೂಸು" ಅನ್ನುತ್ತಾರೆ. ಬೆಲ್ಲದ್ದೇನೂ ತಪ್ಪಿಲ್ಲ ಎಂದು ಹೇಳಿ ಹೇಳಿ ನಾನು ಸೋತಿದ್ದೇನೆ.

ತಪ್ಪು ಯಾರದ್ದು ಅಂದರೆ, ಕಾಯಬೇಕಾದವರದ್ದೇ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ರೋಗಾಣುಗಳ ಮೇಲೆ ಬೀಳಬೇಕಾದ ಟಿ ಕೋಶಗಳು ಎಂಬ ಬಿಳಿ ರಕ್ತಕಣಗಳು ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳ ಮೇಲೆ ಬಿದ್ದಿವೆ. ಟಿ ಕೋಶಗಳು ಪಳಗುವುದು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ. ಸ್ವಂತ ಮೈಗೆ ಬಾಯಿ ಹಾಕುವಂಥವನ್ನು ಬಹುಪಾಲು ಅಲ್ಲೇ ಮುಗಿಸಲಾಗುತ್ತದೆ. ಕೆಲವು ಮಾತ್ರ ಹೇಗೋ ತಪ್ಪಿಸಿಕೊಳ್ಳುತ್ತವೆ. ಅಂಥವನ್ನು ಹಿಡಿದು ಕೂರಿಸುವ ಇನ್ನೊಂದು ಜಾತಿಯ ಟಿ ಕೋಶ ಇದೆ. ಅದೇ ನಿಯಂತ್ರಕ ಟಿ ಕೋಶ, ಟಿ-ರೆಗ್. 2025ರ ವೈದ್ಯಕೀಯ ನೊಬೆಲ್ ಬಂದದ್ದು ಇದನ್ನು ಹುಡುಕಿದ ಮೂವರಿಗೆ.

ಆ ಹುಡುಕಾಟ ಎಷ್ಟು ನಿಧಾನ ನೋಡಿ. ಹುಟ್ಟಿ ಮೂರು ದಿನದ ಇಲಿಮರಿಯ ಥೈಮಸ್ ತೆಗೆದರೆ ಅದರ ರೋಗನಿರೋಧಕ ಶಕ್ತಿ ಕುಗ್ಗಬೇಕು, ಅಲ್ವಾ? ಆದದ್ದು ಉಲ್ಟಾ. ಆ ಶಕ್ತಿ ಹುಚ್ಚೆದ್ದು ಇಲಿಯ ಸ್ವಂತ ಅಂಗಗಳನ್ನೇ ತಿನ್ನತೊಡಗಿತು. ಜಪಾನಿನ ಶಿಮೊನ್ ಸಕಾಗುಚಿ ಇದರ ಬೆನ್ನು ಬಿದ್ದರು. ಆರೋಗ್ಯವಂತ ಇಲಿಯ ಟಿ ಕೋಶ ಕೊಟ್ಟರೆ ರೋಗ ತಡೆಯಬಹುದು ಎಂದು ಕಂಡುಕೊಂಡರು. ಆದರೆ ಅಷ್ಟರಲ್ಲಿ 'ದಮನಕಾರಿ ಟಿ ಕೋಶ' ಎಂಬ 1970ರ ದಶಕದ ಹಳೆಯ ವಾದ ಬಿದ್ದುಹೋಗಿ, ಆ ವಿಷಯ ಎತ್ತಿದರೇ ಜನ ನಗುವ ಹಾಗಾಗಿತ್ತು. ಇವರು ಬಿಡಲಿಲ್ಲ. 1995ರಲ್ಲಿ ಆ ಕೋಶವನ್ನು ಅದರ ಮೈಮೇಲಿನ ಸಿಡಿ25 ಎಂಬ ಗುರುತಿನ ಸಮೇತ ತೋರಿಸಿದರು. ಹತ್ತು ವರ್ಷಕ್ಕೂ ಮೀರಿದ ಕೆಲಸ. ನಮ್ಮಲ್ಲಿ ಮೂರು ವರ್ಷದ ಪ್ರಾಜೆಕ್ಟಿಗೂ ಮತ್ತೆ ಮತ್ತೆ ವರದಿ ಕೇಳುತ್ತಾರೆ!

ಇನ್ನೊಂದು ಇಲಿ ಅಮೆರಿಕದ್ದು. 1940ರ ದಶಕದಲ್ಲಿ ಓಕ್ ರಿಡ್ಜ್‌ನ ಸರ್ಕಾರಿ ಲ್ಯಾಬಿನಲ್ಲಿ, ವಿಕಿರಣದ ಪರಿಣಾಮ ನೋಡುತ್ತಿದ್ದಾಗ, ಚರ್ಮ ಹೊಟ್ಟು ಹೊಟ್ಟಾಗಿ ಕೆಲವೇ ವಾರಗಳಲ್ಲಿ ಸಾಯುವ ಗಂಡು ಮರಿಗಳು ಹುಟ್ಟಿದವು. 'ಸ್ಕರ್ಫಿ' ಅಂತ ಹೆಸರಿಟ್ಟರು. ಆ ಸಂತಾನವನ್ನು ದಶಕಗಟ್ಟಲೆ ಸಾಕಿದರು. ಯಾವ ಲಾಭಕ್ಕೆ? ಆಗ ಯಾರಿಗೂ ಗೊತ್ತಿರಲಿಲ್ಲ. 1990ರ ದಶಕದಲ್ಲಿ ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್ ಅದರ ಎಕ್ಸ್ ಕ್ರೋಮೊಸೋಮ್ ಜಾಲಾಡಿದರು. ಇಪ್ಪತ್ತು ಜೀನ್‌ಗಳ ಮೇಲೆ ಅನುಮಾನ ಬಂತು. ಒಂದೊಂದಾಗಿ ನೋಡುತ್ತಾ ಹೋದರೆ, ಕಳ್ಳ ಇಪ್ಪತ್ತನೆಯವನು. ಅದೇ ಫಾಕ್ಸ್‌ಪಿ3. ಇದೇ ಜೀನ್ ಕೆಟ್ಟ ಮನುಷ್ಯರ ಮಕ್ಕಳಿಗೆ ಐಪೆಕ್ಸ್ ಎಂಬ ಕಾಯಿಲೆ ಬರುತ್ತದೆ, ಕೂಸಿದ್ದಾಗಲೇ ಡಯಾಬಿಟಿಸ್ ಕೂಡ. 2001ರಲ್ಲಿ ಇದು ಹೊರಬಂತು. ಟಿ-ರೆಗ್ ತಯಾರಾಗಲು ಇದೇ ಜೀನ್ ಬೇಕು ಎಂಬುದು 2003ರಲ್ಲಿ ಗೊತ್ತಾಯಿತು. (ಬಹುಮಾನ ಘೋಷಣೆಯಾದಾಗ ರಾಮ್ಸ್‌ಡೆಲ್ ಹೆಂಡತಿ ಜೊತೆ ಗುಡ್ಡ ಸುತ್ತುತ್ತಿದ್ದರಂತೆ, ಫೋನಿಗೆ ಸಿಗಲಿಲ್ಲ. ನಮ್ಮ ಕಡೆಯವರೇ ಅನ್ನಿಸಿತು.)

"ಮಂಗನ ಕಾಯಿಲೆಗೇ ದುಡ್ಡಿಲ್ಲ" ಎಂಬ ಮಾತು ಬರುತ್ತದೆ, ಗೊತ್ತು. ಕೆರೆ ಹೂಳು ತೆಗೆಸಲಿಲ್ಲ ಅಂತ ಬಾವಿ ತೋಡುವವನಿಗೆ ಬೈದರೆ ಹೇಗೆ? ಅಷ್ಟೇ ನನ್ನ ಉತ್ತರ.

ಮಗಳೀಗ ಎಂಟನೇ ಕ್ಲಾಸು. ನೊಬೆಲ್ ಸುದ್ದಿ ಓದಿ ಹೇಳಿದಾಗ ದೋಸೆಗೆ ಕಾಯುತ್ತಾ ಹೊಟ್ಟೆಗೆ ಸೂಜಿ ಹಾಕಿಕೊಳ್ಳುತ್ತಿದ್ದಳು. "ನನ್ನ ಬೀಟಾ ಕೋಶ ಎಲ್ಲಾ ಹೋಗಿವೆಯಲ್ಲಮ್ಮಾ. ಈಗ ಪೊಲೀಸ್ ಬಂದು ಏನ್ ಮಾಡ್ತಾರೆ?" ಎಂದಳು. ನಾನು ದೋಸೆ ಮಗುಚಿದೆ. ಆಮೇಲೆ ಓದಿಕೊಂಡೆ. ಕಾಂಡಕೋಶಗಳಿಂದ ಬೀಟಾ ಕೋಶ ಮಾಡಿ ಮೈಗೆ ಕೂರಿಸುವ ಪ್ರಯೋಗ ನಡೆಯುತ್ತಿದೆ. ಆದರೆ ಹೊಸದನ್ನು ಕೂರಿಸಿದರೆ ಹಳೆಯ ಕಳ್ಳರು ಅದನ್ನೂ ತಿನ್ನುತ್ತಾರೆ. ಆಗ ಬೇಕು ಕಾವಲು. ಅವಳಿಗೆ ಹೇಳಿದೆ. "ಹಂಗಾದ್ರೆ ಸರಿ" ಎಂದು ಎರಡನೇ ದೋಸೆ ಹಾಕಿಸಿಕೊಂಡಳು. ಅದಕ್ಕೆ ಎಷ್ಟು ಯೂನಿಟ್ ಜಾಸ್ತಿ ಅಂತ ಲೆಕ್ಕ ಹಾಕಿದವಳೂ ಅವಳೇ.

ವಿರೋಧ
(ಬರೆದವರು: ನಿವೃತ್ತ ಆರೋಗ್ಯ ನಿರೀಕ್ಷಕ, ಸಾಗರ)

ಪರ ಬರೆಯಲು ಒಬ್ಬರು ಸಿಕ್ಕಿದ್ದಾರೆ, ನೀವು ವಿರೋಧ ಬರೆದುಕೊಡಿ ಎಂದು ಫೋನ್ ಬಂತು. ಆಗಲ್ಲ ಅನ್ನಲು ಬಾಯಿ ಬರಲಿಲ್ಲ, ಬರೆಯುತ್ತಿದ್ದೇನೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಹಿಂದೆಯೇ ಜನ ಜ್ವರ ಬಂದು ಮಲಗಿದರು. ಅದೇ ಮಂಗನ ಕಾಯಿಲೆ. ವೈರಸ್ಸಿಗೆ ಆ ಕಾಡಿನ ಹೆಸರೇ ಬಂತು. ಅರವತ್ತೈದು ವರ್ಷ ದಾಟಿತು. ಇವತ್ತಿಗೂ ಅದಕ್ಕೆಂದೇ ಒಂದು ಔಷಧ ಇಲ್ಲ. ಇದ್ದ ಲಸಿಕೆಯೂ ಕೆಲಸ ಮಾಡುತ್ತಿಲ್ಲ ಎಂದು ನಿಂತುಹೋಯಿತು. ಹೊಸದು ಇನ್ನೂ ಪರೀಕ್ಷೆಯಲ್ಲಿದೆ. ನಮ್ಮ ಕೈಯಲ್ಲಿ ಉಳಿದದ್ದು ಈ ರೋಗ ಹರಡುವ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ. ಹೀಗಿರುವಾಗ ಇಲಿಯ ಚರ್ಮದ ಹೊಟ್ಟು ನೋಡಲು ನಮ್ಮ ತೆರಿಗೆ ದುಡ್ಡೇ ಬೇಕಾ?

ಲಸಿಕೆ ಕೊಡುವ ಕೆಲಸ ನಾನೂ ಮಾಡಿದವನೇ. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷ. ಚುಚ್ಚಿದ ಕಡೆ ವಿಪರೀತ ನೋವು. ಮೊದಲ ಡೋಸಿಗೆ ಊರೆಲ್ಲ ಬರುತ್ತಿತ್ತು. ಎರಡನೆಯದಕ್ಕೆ ನಮ್ಮ ಜೀಪಿನ ಸದ್ದು ಕೇಳಿದರೆ ಅಂಗಳ ಖಾಲಿ. ಒಮ್ಮೆ ಒಂದು ಮನೆಯ ಕೊಟ್ಟಿಗೆಯಲ್ಲಿ ದರಗಿನ (ಒಣ ಎಲೆಯ) ಗುಡ್ಡೆ ಅಲ್ಲಾಡಿತು. ನೋಡಿದರೆ ಒಳಗೆ ಅತ್ತೆ-ಸೊಸೆ ಇಬ್ಬರೂ! "ಒಂದು ಕೈ ಆಗಲೇ ಕೊಟ್ಟಾಗಿದೆ ಮಾರಾಯ್ರೇ, ಇದೊಂದಾದರೂ ಅಡಿಕೆ ಕೊನೆಕೊಯ್ಲಿಗೆ ಇರಲಿ" ಎಂದಳು ಅತ್ತೆ. ನಕ್ಕೆವು. ದರಗು ಗುಡಿಸಲು ಕಾಡಿಗೆ ಹೋಗುವವರು ಅವರೇ, ಉಣುಗು ಹತ್ತುವುದೂ ಅವರಿಗೇ. 2019ರ ಆರಂಭದಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಸಾವಿನ ಮೇಲೆ ಸಾವಾದಾಗ ನಾನು ನಿವೃತ್ತನಾಗಿದ್ದೆ. ಆದರೂ ರಾತ್ರಿ ಆ ದರಗಿನ ಗುಡ್ಡೆ ಕಣ್ಣಿಗೆ ಬರುತ್ತಿತ್ತು.

ಎರಡನೆಯ ಮಾತು, ಬೆಲೆ. ಟೈಪ್ 1 ಡಯಾಬಿಟಿಸ್ ಬರುವುದನ್ನು ಸರಾಸರಿ ಎರಡು ವರ್ಷ ಮುಂದೂಡುವ ಟೆಪ್ಲಿಜುಮ್ಯಾಬ್ ಎಂಬ ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಟಿ-ರೆಗ್ ಚಿಕಿತ್ಸೆಯೇ ಅಲ್ಲ, ಬರೀ ಒಂದು ಪ್ರತಿಕಾಯ. ಅಷ್ಟಕ್ಕೇ ಆಗ ಬೆಲೆ ಸುಮಾರು 1.9 ಲಕ್ಷ ಡಾಲರ್ ಇತ್ತು. ಇನ್ನು ಒಬ್ಬೊಬ್ಬರ ರಕ್ತದಿಂದ ಕೋಶ ತೆಗೆದು, ಲ್ಯಾಬಿನಲ್ಲಿ ಬೆಳೆಸಿ, ವಾಪಸ್ ಹಾಕುವ ಚಿಕಿತ್ಸೆ ಹೊಸನಗರದ ಆಸ್ಪತ್ರೆಗೆ ಯಾವ ಕಾಲಕ್ಕೆ ಬಂದೀತು? ಫಾಕ್ಸ್‌ಪಿ3 ಸಿಕ್ಕಿದ್ದೂ ಒಂದು ಖಾಸಗಿ ಕಂಪನಿಯ ಲ್ಯಾಬಿನಲ್ಲಿ. ಅವರು ಮಾಡಲಿ, ಬೇಡ ಅಂದವರು ಯಾರು?

ಮೂಲ ಸಂಶೋಧನೆ ಮಾಡದಿದ್ದರೆ ಮುಂದೆ ಏನೂ ಸಿಗುವುದಿಲ್ಲ ಎಂದು ಮೇಡಂ ಬರೆದಿರುತ್ತಾರೆ. ಎಲ್ಲರೂ ಹಾಗೇ ಬರೆಯುತ್ತಾರೆ. ಸುಮ್ನೆ ಯಾಕೆ ವಾದ, ಬಿಡಿ.

ಒಂದು ವಿಷಯ ಮುಚ್ಚಿಟ್ಟರೆ ತಪ್ಪಾಗುತ್ತದೆ. ನನಗೆ ಆರು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಅಂಗಿ ಗುಂಡಿ ಹಾಕಲು ಬೆರಳು ಮಡಚುವುದಿಲ್ಲ, ಮನೆಯವಳು ಹಾಕುತ್ತಾಳೆ. ಇದೂ ಅದೇ ಬೇಲಿ ಹೊಲ ಮೇಯುವ ಜಾತಿಯದ್ದಂತೆ. ಕಳೆದ ಸಲ ಡಾಕ್ಟರನ್ನು ಕೇಳಿದೆ, ಈ ಟಿ-ರೆಗ್ ಅನ್ನುವುದು ನನ್ನ ಬೆರಳಿಗೆ ಬರುತ್ತದಾ ಅಂತ. ಅವರು ಬರೆಯುತ್ತಿದ್ದ ಚೀಟಿಯಿಂದ ತಲೆ ಎತ್ತಿ, "ನೀವು ವಿರೋಧ ಬರೀತಿದ್ದೀರಂತಲ್ಲ?" ಎಂದರು. ಸಾಗರದಲ್ಲಿ ಯಾವ ಸುದ್ದಿಯೂ ನಿಲ್ಲುವುದಿಲ್ಲ. ಚೀಟಿಯಲ್ಲಿ ಹಳೆಯದೇ ಇತ್ತು: ಮೆಥೊಟ್ರೆಕ್ಸೇಟ್, ವಾರಕ್ಕೊಮ್ಮೆ, ಭಾನುವಾರ ರಾತ್ರಿ ಊಟದ ನಂತರ.