ನಮ್ಮಿಬ್ಬರ ನಡುವೆ ಮೂರನೆಯವರು ಯಾಕೆ?

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಬೆಸ್ಸೆಮರ್ ಅಂತ ಒಂದು ಊರಿದೆ. ಒಂದು ಕಾಲಕ್ಕೆ ಉಕ್ಕಿಗೆ ಹೆಸರಾಗಿತ್ತು. ಈಗ ಅಮೆಜಾನ್‌ನ ಗೋದಾಮಿಗೆ ಹೆಸರಾಗಿದೆ. 2021ರ ಆರಂಭದಲ್ಲಿ ಅಲ್ಲಿನ ಸುಮಾರು 5,800 ಕೆಲಸಗಾರರು ಒಂದು ಮತ ಹಾಕಬೇಕಿತ್ತು. ಯೂನಿಯನ್ ಬೇಕೋ, ಬೇಡವೋ? ಇದೇ ಹೊತ್ತಿಗೆ ಕಂಪನಿಗೂ ಅವರನ್ನು ಒಂದು ಪ್ರಶ್ನೆ ಕೇಳಬೇಕು ಅನ್ನಿಸಿತು. ಕೇಳಿತು. ಪ್ರಶ್ನೆ ಬರೆದು ಶೌಚಾಲಯದೊಳಗೆ ಅಂಟಿಸಿತು. ‘ನಿಮ್ಮ ಚಂದಾ ಹಣ ಎಲ್ಲಿಗೆ ಹೋಗುತ್ತದೆ?’

ಜಾಗ ನೋಡಿ. ಏನು ಎಲ್ಲಿಗೆ ಹೋಗುತ್ತದೆ ಅಂತ ಮನುಷ್ಯ ತಲೆ ಕೆಡಿಸಿಕೊಳ್ಳದೇ ಇರುವ ಒಂದೇ ಒಂದು ಜಾಗ ಅದು.

ಆದರೆ ಪೋಸ್ಟರ್ ಓದಬೇಕಾದರೆ ಅಲ್ಲಿಗೆ ಹೋಗಿ ಕೂರಬೇಕು. ಅಮೆಜಾನ್ ಗೋದಾಮಿನಲ್ಲಿ ಕೈಯಲ್ಲಿರುವ ಸ್ಕ್ಯಾನರ್ ಸುಮ್ಮನಿದ್ದಷ್ಟೂ ಹೊತ್ತು ಲೆಕ್ಕಕ್ಕೆ ಬೀಳುತ್ತದೆ. ಅದಕ್ಕೆ ‘ಟೈಮ್ ಆಫ್ ಟಾಸ್ಕ್’ ಅಂತ ಹೆಸರು. ಅಂದರೆ ಕಂಪನಿಗೆ ಓದುಗರು ಬೇಕು, ಓದುವಷ್ಟು ಹೊತ್ತು ಅವರು ಕೂರಬಾರದು. ಆ ವರ್ಷದ ಮಾರ್ಚಿನಲ್ಲಿ ಸಂಸದರೊಬ್ಬರು ಟ್ವಿಟರ್‌ನಲ್ಲಿ ಬಾಟಲಿಯ ವಿಷಯ ಎತ್ತಿದರು. ಕೆಲಸಗಾರರು ಬಾಟಲಿಯಲ್ಲಿ ಮೂತ್ರ ಮಾಡಬೇಕಾದ ಸ್ಥಿತಿ ಇದೆ ಅಂದರು. ಕಂಪನಿ ಅಲ್ಲೇ ಗದರಿತು: ಆ ಬಾಟಲಿ ಕತೆಯನ್ನು ನೀವು ನಿಜಕ್ಕೂ ನಂಬ್ತೀರಾ? ಅದು ನಿಜವಾಗಿದ್ದರೆ ನಮ್ಮಲ್ಲಿ ಯಾರಾದರೂ ಕೆಲಸ ಮಾಡ್ತಿದ್ದರಾ? ಒಂದು ವಾರ ಕಳೆಯಿತು. ಕಂಪನಿ ಕ್ಷಮೆ ಕೇಳಿತು. ಹೌದು, ವ್ಯಾನ್ ಓಡಿಸುವವರಿಗೆ ಶೌಚಾಲಯ ಸಿಗುವುದು ಕಷ್ಟ ಅಂತ ಒಪ್ಪಿಕೊಂಡಿತು. ಪಾಪ, ಅವರಿಗೆ ಪೋಸ್ಟರ್ ಓದುವ ಭಾಗ್ಯವೂ ಇರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ಯೂನಿಯನ್ ಅಂದ ತಕ್ಷಣ ಕಂಪನಿಗಳು ಹೇಳುವ ಒಂದು ಮಂತ್ರವಿದೆ. ‘ನಮಗೂ ನಿಮಗೂ ನೇರ ಸಂಬಂಧ. ನಡುವೆ ಥರ್ಡ್ ಪಾರ್ಟಿ ಯಾಕೆ?’ ಕೇಳಿದರೆ ಕಣ್ಣು ಒದ್ದೆಯಾಗುತ್ತದೆ. ನಮ್ಮ ಕಡೆ ಮದುವೆಗೇ ಮೂರನೆಯವರು ಬೇಕು. ಹುಡುಗನ ಕಡೆಯವರೂ ಹುಡುಗಿಯ ಕಡೆಯವರೂ ನೇರವಾಗಿ ಕೊಡು ಕೊಳ್ಳುವ ಮಾತಾಡಿದರೆ ಕೆಟ್ಟೀತು ಅಂತ ಸೋದರಮಾವನನ್ನು ಮುಂದೆ ಬಿಡುತ್ತೇವೆ. ಅವರಲ್ಲಿ ಹಾಗಿಲ್ಲ. ಒಂದು ಕಡೆ ಲಕ್ಷಾಂತರ ಕೋಟಿ ಡಾಲರಿನ ಕಂಪನಿ, ಇನ್ನೊಂದು ಕಡೆ ಗಂಟೆಗೆ 15 ಡಾಲರ್ 30 ಸೆಂಟಿನ ಕೆಲಸಗಾರ. ಇಬ್ಬರೇ. ಅಕ್ಕಪಕ್ಕ. ಬೆಳದಿಂಗಳು ಒಂದೇ ಬಾಕಿ.

ಸರಿ, ಮೂರನೆಯವರು ಬೇಡ ಅಂತ ಕೆಲಸಗಾರರಿಗೆ ತಿಳಿಹೇಳುವವರು ಯಾರು? ಅದಕ್ಕೆ ಹೊರಗಿನಿಂದ ಬಾಡಿಗೆ ಸಲಹೆಗಾರರನ್ನು ಕರೆಸಿದರು! ಕಾನೂನಿನಲ್ಲಿ ಅವರಿಗೆ ‘ಪರ್ಸುಯೇಡರ್’ ಅಂತಲೇ ಹೆಸರು. ಮನ ಒಲಿಸುವವರು. ಬೆಸ್ಸೆಮರ್‌ಗೆ ಬಂದವರ ಕೂಲಿ ದಿನಕ್ಕೆ 3,200 ಡಾಲರ್, ಖರ್ಚುವೆಚ್ಚ ಬೇರೆ. ಗೋದಾಮಿನ ಹೊಸ ಕೆಲಸಗಾರ ಐದು ವಾರ ಬೆವರು ಹರಿಸಿದರೂ ಅಷ್ಟು ಬರುವುದಿಲ್ಲ. 2021ರಲ್ಲಿ ಅಮೆಜಾನ್ ಇಂಥವರಿಗೆ ಕೊಟ್ಟದ್ದು ಸುಮಾರು 43 ಲಕ್ಷ ಡಾಲರ್. ಮರುವರ್ಷ 1 ಕೋಟಿ 42 ಲಕ್ಷ. ನಡುವೆ ಯಾರೂ ಬೇಡ ಅಂತ ಹೇಳುವುದಕ್ಕೇ ಇಷ್ಟು ಜನ ನಡುವೆ ಬೇಕಾಯಿತು.

ಅವರ ಕೆಲಸ ಮುಖ್ಯವಾಗಿ ಪ್ರವಚನ. ಕೆಲಸದ ಹೊತ್ತಿನಲ್ಲೇ ಕೋಣೆಗೆ ಕರೆದು, ಕೂರಿಸಿ, ಯೂನಿಯನ್ ಬಂದರೆ ಏನೆಲ್ಲ ಕಳೆದುಕೊಳ್ಳುತ್ತೀರಿ ಅಂತ ಹೇಳುವುದು. ಹಾಜರಿ ಕಡ್ಡಾಯ. ಅಲ್ಲಿನ ಕಾರ್ಮಿಕ ವಕೀಲರು ಇದನ್ನು ಕರೆಯುವುದೇ ‘ಸೆರೆಸಿಕ್ಕ ಶ್ರೋತೃಗಳ ಸಭೆ’ ಅಂತ. ಇದನ್ನು ಕಡ್ಡಾಯ ಮಾಡುವಂತಿಲ್ಲ ಅಂತ ಅಲ್ಲಿನ ಸರ್ಕಾರದ ಕಾರ್ಮಿಕ ಸಂಬಂಧಗಳ ಮಂಡಳಿ ಹೇಳಿದ್ದು 2024ರ ನವೆಂಬರಿನಲ್ಲಿ. ಅದಕ್ಕೆ ಮೊದಲು ಮುಕ್ಕಾಲು ಶತಮಾನ ಈ ಪ್ರವಚನ ನಡೆದೇ ಇತ್ತು. ಗಮನಿಸಿ, ಪ್ರವಚನ ಕೇಳುವಾಗ ಸ್ಕ್ಯಾನರ್ ಸುಮ್ಮನಿದ್ದರೂ ತೊಂದರೆಯಿಲ್ಲ.

ಕಂಪನಿ ಒಂದು ವೆಬ್‌ಸೈಟ್ ಕೂಡ ಮಾಡಿತು. ಚಂದಾ ಕಟ್ಟಬೇಡಿ, ಚಂದಾ ಕಟ್ಟಿದರೆ ಒಬ್ಬರಿಗೊಬ್ಬರು ನೆರವಾಗುವುದು, ಬೆರೆಯುವುದು ಸುಲಭವಾಗುವುದಿಲ್ಲ ಅನ್ನುವ ಅರ್ಥದ ಬೋಧನೆ. ಅಲಬಾಮಾದ ಕಾನೂನಿನ ಪ್ರಕಾರ ಯೂನಿಯನ್ ಬಂದರೂ ಯಾರೂ ಚಂದಾ ಕಟ್ಟಲೇಬೇಕು ಅಂತಿಲ್ಲ. ಬಲವಂತವೇ ಇಲ್ಲದ ಚಂದಾದಿಂದ ಕೆಲಸಗಾರರನ್ನು ಕಾಪಾಡಲು ಇಷ್ಟೊಂದು ಓಡಾಟ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ಕಂಡಿದ್ದೆ. ಹುಟ್ಟದ ಕೂಸಿಗೆ ದೃಷ್ಟಿ ತೆಗೆಯುವವರನ್ನು ಕಂಡದ್ದು ಈಗಲೇ.

ಇನ್ನು ಟ್ರಾಫಿಕ್ ಸಿಗ್ನಲ್. ಪಾಳಿ ಮುಗಿಸಿ ಹೊರಡುವವರ ಕಾರು ಗೇಟಿನ ಹತ್ತಿರದ ಕೆಂಪು ದೀಪಕ್ಕೆ ನಿಲ್ಲುತ್ತಿತ್ತು. ಯೂನಿಯನ್‌ನವರು ಆಗ ಹೋಗಿ ಮಾತಾಡಿಸುತ್ತಿದ್ದರು. ದಟ್ಟಣೆ ಜಾಸ್ತಿ ಅಂತ ಕಂಪನಿ ಕೌಂಟಿಗೆ, ಅಂದರೆ ಅಲ್ಲಿನ ಜಿಲ್ಲಾಡಳಿತಕ್ಕೆ, ದೂರಿತು. ಸಿಗ್ನಲ್ ಸಮಯ ಬದಲಾಯಿತು. ಕೆಂಪು ದೀಪದ ಕೆಳಗಿನ ಭೇಟಿ ಮೊದಲಿಗಿಂತ ಚುಟುಕಾಯಿತು. ಬೆಂಗಳೂರಿನವರು ಇದನ್ನು ಬರೆದಿಟ್ಟುಕೊಳ್ಳಿ. ಸಿಲ್ಕ್ ಬೋರ್ಡ್ ಸಿಗ್ನಲ್ ಸರಿಹೋಗಬೇಕಾದರೆ ಅಲ್ಲಿ ನಿಂತು ಒಂದು ಯೂನಿಯನ್ ಕಟ್ಟಬೇಕು, ಅಷ್ಟೇ.

ಮತ ಹಾಕಬೇಕಿದ್ದುದು ಅಂಚೆಯಲ್ಲಿ. ಅದಕ್ಕಾಗಿ ಗೋದಾಮಿನ ಬಾಗಿಲ ಬಳಿಯೇ ಒಂದು ಅಂಚೆಪೆಟ್ಟಿಗೆ ಹುಟ್ಟಿಕೊಂಡಿತು. ಅಮೆಜಾನ್ ಒತ್ತಾಯ ಮಾಡಿ ಇಡಿಸಿದ ಪೆಟ್ಟಿಗೆ. ಅದರ ಸುತ್ತ ಒಂದು ಟೆಂಟು, ಟೆಂಟಿನ ಮೇಲೆ ಕಂಪನಿಯ ಘೋಷಣೆ. ಗುಟ್ಟಿನ ಮತದಾನಕ್ಕೆ ಯಜಮಾನರ ಅಂಗಳದಲ್ಲೇ ಚಪ್ಪರ. ಎಣಿಸಿದಾಗ ಬೇಡ ಅಂದವರು 1,798, ಬೇಕು ಅಂದವರು 738. ಪೆಟ್ಟಿಗೆ ಇಟ್ಟದ್ದು ಸರಿಯಲ್ಲ ಅಂತ ಮಂಡಳಿ ಮರುಮತದಾನಕ್ಕೆ ಆದೇಶ ಮಾಡಿತು. 2022ರಲ್ಲಿ ಬೇಡ 993, ಬೇಕು 875. ತಕರಾರೆದ್ದು ಎಣಿಸದೆ ಪಕ್ಕಕ್ಕಿಟ್ಟ ಮತಗಳು 416. ಅಂತರಕ್ಕಿಂತ ತಕರಾರೇ ಜಾಸ್ತಿ.

ಬರೀ ಅಮೆಜಾನನ್ನೇ ಬೈದರೆ ಉಳಿದವರು ಬೇಜಾರು ಮಾಡಿಕೊಳ್ಳುತ್ತಾರೆ. ಅಮೆರಿಕದ ಕಂಪನಿಗಳಲ್ಲಿ ಕೆಲಸಗಾರ ಅನ್ನುವ ಪ್ರಾಣಿಯೇ ಈಗ ಅಪರೂಪ. ವಾಲ್‌ಮಾರ್ಟಿನಲ್ಲಿ ಅವನು ಅಸೋಸಿಯೇಟ್. ಡಿಸ್ನಿಯಲ್ಲಿ ಕಸ ಗುಡಿಸುವವನೂ ಕಾಸ್ಟ್ ಮೆಂಬರ್, ಅಂದರೆ ಪಾತ್ರಧಾರಿ. ಸ್ಟಾರ್‌ಬಕ್ಸ್‌ನಲ್ಲಿ ಕಾಫಿ ಮಾಡುವವಳು ಪಾರ್ಟ್ನರ್. ನಮ್ಮ ಬೆಂಗಳೂರಿನಲ್ಲೂ ಮಳೆಯಲ್ಲಿ ನೆನೆಯುತ್ತಾ ಬಿರಿಯಾನಿ ತರುವವನು ‘ಡೆಲಿವರಿ ಪಾರ್ಟ್ನರ್’ ಅಲ್ವಾ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಹಿರಿಯರು ಬೈಯುತ್ತಿದ್ದುದು ಹೂ ಮುಡಿದವನನ್ನು. ಮುಡಿಸುವವರೂ ಇರುತ್ತಾರೆ ಅಂತ ಅವರಿಗೆ ಹೊಳೆದಿರಲಿಲ್ಲ.

ನಾನು ಹಿಂದೆ ಇದ್ದ ಒಂದು ಆಫೀಸಿನಲ್ಲೂ ಪ್ರತಿ ಮೀಟಿಂಗು ‘ನಾವೆಲ್ಲ ಒಂದೇ ಕುಟುಂಬ’ ಅಂತಲೇ ಶುರುವಾಗುತ್ತಿತ್ತು. ಸುಳ್ಳಲ್ಲ. ನಮ್ಮ ಮನೆಗಳಲ್ಲಿ ಆಸ್ತಿಯಲ್ಲಿ ಪಾಲು ಕೇಳಿದಾಗ ಏನಾಗುತ್ತದೋ, ಅಲ್ಲಿ ಸಂಬಳ ಜಾಸ್ತಿ ಕೇಳಿದಾಗ ಅದೇ ಆಗುತ್ತಿತ್ತು.

2019ರಲ್ಲಿ ಡೆಲ್ಟಾ ವಿಮಾನ ಕಂಪನಿ ಒಂದು ಪೋಸ್ಟರ್ ಹಾಕಿತ್ತು. ಯೂನಿಯನ್ ಚಂದಾ ವರ್ಷಕ್ಕೆ ಸುಮಾರು 700 ಡಾಲರ್, ಅದೇ ದುಡ್ಡಿಗೆ ಹೊಸ ವಿಡಿಯೋ ಗೇಮ್ ಬಂದರೆ ಮಜಾ ಅಲ್ವಾ ಅನ್ನುವ ಧಾಟಿ. ಜಾತ್ರೆಯಲ್ಲಿ ಅಳುವ ಮಗುವಿಗೆ ಪೀಪಿ ಕೊಡಿಸುವ ಹಾಗೆ. ಆರ್‌ಇಐ ಅಂತ ಇನ್ನೊಂದು, ಚಾರಣದ ಸಾಮಾನು ಮಾರುವ ಸಹಕಾರಿ ಸಂಸ್ಥೆ. ಬಹಳ ಪ್ರಗತಿಪರ. 2022ರಲ್ಲಿ ಅದು ಯೂನಿಯನ್ ಬೇಡ ಅಂತ ಹೇಳಲು ಒಂದು ಪಾಡ್‌ಕಾಸ್ಟ್ ಮಾಡಿತು. ಮೊದಲಿಗೆ, ನಾನು ಮಾತಾಡುತ್ತಿರುವ ಈ ನೆಲ ಇಂಥ ಮೂಲನಿವಾಸಿಗಳದ್ದು ಅಂತ ಗೌರವದ ಸ್ಮರಣೆ. ಆಮೇಲೆ ಯೂನಿಯನ್ ನಮಗೆ ಸರಿಹೊಂದುವುದಿಲ್ಲ ಅನ್ನುವ ವಿಷಯ. ಯಾವ ಕಾಲದಲ್ಲೋ ಕಿತ್ತುಕೊಂಡ ನೆಲಕ್ಕೆ ನಮಸ್ಕಾರ, ಈಗ ಕೇಳುತ್ತಿರುವ ಹಕ್ಕಿಗೆ ತಿರಸ್ಕಾರ. ಮ್ಯಾನ್‌ಹಾಟನ್ ಅಂಗಡಿಯವರು ಪಾಡ್‌ಕಾಸ್ಟ್ ಕೇಳಿದರೋ ಇಲ್ಲವೋ, ಭಾರೀ ಬಹುಮತದಿಂದ ಯೂನಿಯನ್ ಕಟ್ಟಿಕೊಂಡರು.

ಹಾಗಂತ ಮತದಲ್ಲಿ ಗೆದ್ದರೆ ಮುಗಿಯಿತು ಅಂದುಕೊಳ್ಳಬೇಡಿ. ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡಿನಲ್ಲಿ ಕ್ರಿಸ್ ಸ್ಮಾಲ್ಸ್ ಅನ್ನುವ ಅಮೆಜಾನ್ ಕೆಲಸಗಾರ 2020ರ ಮಾರ್ಚಿನಲ್ಲಿ ಕೋವಿಡ್ ಸುರಕ್ಷತೆ ಕೇಳಿ ಪ್ರತಿಭಟನೆ ಮಾಡಿಸಿದ. ಅವತ್ತೇ ಕೆಲಸ ಹೋಯಿತು. ಆಮೇಲೆ ಕಂಪನಿಯ ಹಿರಿಯ ವಕೀಲರ ಟಿಪ್ಪಣಿಯೊಂದು ಸೋರಿ ಹೊರಬಂತು. ಅವನು ಬುದ್ಧಿವಂತನಲ್ಲ, ಮಾತುಗಾರನೂ ಅಲ್ಲ, ಅವನನ್ನೇ ಈ ಚಳವಳಿಯ ಮುಖ ಮಾಡೋಣ ಅಂತ. ಸಲಹೆ ಚೆನ್ನಾಗಿಯೇ ಇತ್ತು. ಅವನು ಹಾಗೇ ಆದ. 2021ರ ಜುಲೈನಲ್ಲಿ ಅಮೆಜಾನ್ ಕಟ್ಟಿದ ಜೆಫ್ ಬೆಜೋಸ್ ತಮ್ಮದೇ ರಾಕೆಟ್ಟಿನಲ್ಲಿ ಅಂತರಿಕ್ಷಕ್ಕೆ ಹೋಗಿ ಬಂದು, ಇದಕ್ಕೆಲ್ಲ ದುಡ್ಡು ಕೊಟ್ಟವರು ನೀವೇ ಅಂತ ಕೆಲಸಗಾರರಿಗೂ ಗ್ರಾಹಕರಿಗೂ ಧನ್ಯವಾದ ಹೇಳಿದರು. ಕೆಳಗೆ ಬಸ್‌ಸ್ಟಾಪಿನಲ್ಲಿ ಸ್ಮಾಲ್ಸ್ ಯೂನಿಯನ್‌ಗಾಗಿ ಸಹಿ ಸಂಗ್ರಹಿಸುತ್ತಿದ್ದ. 2022ರ ಏಪ್ರಿಲ್ 1ಕ್ಕೆ ಎಣಿಕೆ ಮುಗಿಯಿತು. ಬೇಕು 2,654, ಬೇಡ 2,131. ಮೂರ್ಖರ ದಿನ ಅಂತ ಯಾರೋ ತಮಾಷೆ ಮಾಡುತ್ತಿದ್ದಾರೆ ಅಂತ ಕಂಪನಿ ಅಂದುಕೊಂಡಿರಬೇಕು. ಮೂರು ವರ್ಷ ಕಳೆದರೂ ಸಂಬಳ ಸವಲತ್ತಿನ ಬಗ್ಗೆ ಕಂಪನಿಯ ಜೊತೆ ಒಂದು ಒಪ್ಪಂದ ಆಗಲಿಲ್ಲ. ಸ್ಟಾರ್‌ಬಕ್ಸ್‌ನ ಪಾರ್ಟ್ನರುಗಳ ಕತೆಯೂ ಇದೇ. 2021ರ ಡಿಸೆಂಬರಿನಲ್ಲಿ ಬಫಲೋದ ಒಂದು ಅಂಗಡಿಯಿಂದ ಶುರುವಾಗಿ 2024ರ ಕೊನೆಗೆ ಐನೂರು ಅಂಗಡಿ ದಾಟಿತ್ತು. ಒಪ್ಪಂದ ಮಾತ್ರ ಸೊನ್ನೆ.

ಕಾನೂನು ಇಲ್ಲವೇ ಅಂತ ಕೇಳಬಹುದು. ಇದೆ, 1935ರಿಂದ ಇದೆ. ಯೂನಿಯನ್ ಕಟ್ಟಿದ್ದಕ್ಕೆ ಕೆಲಸದಿಂದ ತೆಗೆಯುವುದು ತಪ್ಪು. ಆದರೆ ಆ ತಪ್ಪಿಗೆ ದಂಡವಿಲ್ಲ. ವರ್ಷಗಟ್ಟಲೆ ಕೇಸು ನಡೆದು ಸೋತರೆ, ಬಾಕಿ ಸಂಬಳ ಕೊಡಬೇಕು. ಅದರಲ್ಲೂ ಆ ನಡುವೆ ಅವನು ಬೇರೆ ಕಡೆ ದುಡಿದದ್ದನ್ನು ಕಳೆದು ಕೊಟ್ಟರೆ ಸಾಕು. ಅಂದರೆ ಹೊಟ್ಟೆಪಾಡಿಗೆ ಬೇರೆ ಕೆಲಸ ಹಿಡಿದರೆ, ನಿನ್ನನ್ನು ಓಡಿಸಿದವನ ಖರ್ಚು ನೀನೇ ಉಳಿಸಿದ ಹಾಗೆ. ನೋ ಪಾರ್ಕಿಂಗಿನಲ್ಲಿ ಸ್ಕೂಟರ್ ನಿಲ್ಲಿಸಿದವನಿಗೆ ಇದಕ್ಕಿಂತ ಕಠಿಣ ಶಿಕ್ಷೆಯಿದೆ.

ಕೆಲವು ಸಲ ಕಂಪನಿಯೇ ನಮ್ಮದೇನೂ ತಕರಾರಿಲ್ಲ ಅನ್ನುತ್ತದೆ. ಆಗ ತಮಾಷೆ ಇನ್ನೂ ಜಾಸ್ತಿ. ಫೋಕ್ಸ್‌ವ್ಯಾಗನ್ ಜರ್ಮನಿಯದು. ಅಲ್ಲಿ 1976ರ ಕಾನೂನಿನ ಪ್ರಕಾರ ದೊಡ್ಡ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧದಷ್ಟು ಕುರ್ಚಿ ಕೆಲಸಗಾರರ ಕಡೆಯವರಿಗೆ. ಹಾಗಾಗಿ 2014ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಕಾರ್ಖಾನೆಯಲ್ಲಿ ಮತದಾನ ಬಂದಾಗ ಕಂಪನಿ ತಟಸ್ಥವಾಗಿ ಉಳಿಯಿತು. ಗಂಡ ಹೆಂಡಿರೇ ಒಪ್ಪಿದರೂ ನೆಂಟರು ಬಿಡಬೇಕಲ್ಲ! ಯೂನಿಯನ್ ಬೇಡ ಅಂದರೆ ಹೊಸ ಎಸ್‌ಯುವಿ ಇಲ್ಲೇ ತಯಾರಾಗುತ್ತದೆ ಅಂತ ನನಗೆ ಭರವಸೆ ಸಿಕ್ಕಿದೆ ಅಂತ ಆ ರಾಜ್ಯದ ಸೆನೆಟರ್ ಬಾಬ್ ಕಾರ್ಕರ್ ಮತದಾನದ ನಡುವೆಯೇ ಸಾರಿದರು. ಎರಡಕ್ಕೂ ಸಂಬಂಧವಿಲ್ಲ ಅಂತ ಕಂಪನಿ ಹೇಳಿತು. ಯೂನಿಯನ್ 626–712ರಲ್ಲಿ ಸೋತಿತು. 2024ರಲ್ಲಿ ಮತ್ತೆ ಮತದಾನ. ಈ ಸಲ ಆರು ರಾಜ್ಯಗಳ ಗವರ್ನರುಗಳು ಸೇರಿ ಹೇಳಿಕೆ ಕೊಟ್ಟರು. ಹೊರಗಿನ ಹಿತಾಸಕ್ತಿಗಳು ಬಂದು ನಮ್ಮ ಕೆಲಸ, ನಮ್ಮ ಮೌಲ್ಯಗಳಿಗೆ ಕುತ್ತು ತರುತ್ತವೆ ಅಂತ. ಆರರಲ್ಲಿ ಐವರು ಆ ರಾಜ್ಯದವರೇ ಅಲ್ಲ. ಕೆಲಸಗಾರರು ಯಾರನ್ನು ಹೊರಗಿನವರು ಅಂದುಕೊಂಡರೋ ಗೊತ್ತಿಲ್ಲ. ಯೂನಿಯನ್ 2,628–985ರಲ್ಲಿ ಗೆದ್ದಿತು.

ಅಟ್ಲಾಂಟಿಕ್ ದಾಟಿ ಬ್ರಿಟನ್ನಿಗೆ ಬಂದರೆ ಪರಿಸ್ಥಿತಿ ಸ್ವಲ್ಪ ಬೇರೆ. ಅಲ್ಲಿ ಸತ್ಯ ಹೇಳುತ್ತಾರೆ. 2022ರ ಮಾರ್ಚ್ 17ರಂದು ಪಿ ಆಂಡ್ ಓ ಫೆರೀಸ್ ಅನ್ನುವ ಹಡಗು ಕಂಪನಿ ತನ್ನ ಸುಮಾರು 800 ನಾವಿಕರಿಗೆ ಮೊದಲೇ ರೆಕಾರ್ಡ್ ಮಾಡಿದ ವಿಡಿಯೋ ತೋರಿಸಿತು. ಇನ್ನು ಮೇಲೆ ಹಡಗುಗಳಿಗೆ ಥರ್ಡ್ ಪಾರ್ಟಿ ಸಿಬ್ಬಂದಿ ಬರುತ್ತಾರೆ, ನಿಮಗೆ ಇವತ್ತೇ ಕೊನೆಯ ದಿನ. ಒಂದೇ ವಾರದಲ್ಲಿ ಮುಖ್ಯಸ್ಥ ಪೀಟರ್ ಹೆಬಲ್‌ತ್ವೇಟ್ ಸಂಸದರ ಮುಂದೆ ಕೂತರು. ಯೂನಿಯನ್ ಜೊತೆ ಮೊದಲು ಮಾತಾಡಬೇಕು ಅಂತ ಕಾನೂನಿದೆಯಲ್ಲ? ಇದೆ. ಮಾತಾಡಿದಿರಾ? ಇಲ್ಲ, ಮಾತಾಡಿದರೆ ಯಾವ ಯೂನಿಯನ್ನೂ ಒಪ್ಪುತ್ತಿರಲಿಲ್ಲ. ಮತ್ತೆ ಅವಕಾಶ ಸಿಕ್ಕರೆ? ಹೀಗೇ ಮಾಡುತ್ತೇನೆ.

ಇಂಥ ಪ್ರಾಮಾಣಿಕತೆಗೆ ಬಹುಮಾನ ಸಿಗದೇ ಇರುತ್ತದೆಯೇ? ಕ್ರಿಮಿನಲ್ ಮೊಕದ್ದಮೆ ಹಾಕುವುದಿಲ್ಲ ಅಂತ ಅದೇ ಆಗಸ್ಟಿನಲ್ಲಿ ತೀರ್ಮಾನವಾಯಿತು. ಹೊಸ ನಾವಿಕರ ಸರಾಸರಿ ಕೂಲಿ ಗಂಟೆಗೆ ಐದೂವರೆ ಪೌಂಡ್. ಆಗ ದೇಶದ ಕನಿಷ್ಠ ಕೂಲಿ 8 ಪೌಂಡ್ 91 ಪೆನ್ಸ್. ಹಡಗು ಸಮುದ್ರದಲ್ಲಿ, ಬಾವುಟ ಬೇರೆ ದೇಶದ್ದು, ಹಾಗಾಗಿ ಕನಿಷ್ಠ ಅನ್ನುವುದು ದಡದಲ್ಲೇ ಉಳಿಯಿತು. 2024ರಲ್ಲಿ ಸಂಸದರು ಮತ್ತೆ ಕರೆಸಿ ಕೇಳಿದರು, ಐದು ಪೌಂಡಿಗಿಂತ ಕಡಿಮೆ ಗಂಟೆಗೂಲಿಯಲ್ಲಿ ನೀವು ಬದುಕಬಲ್ಲಿರಾ? ಇಲ್ಲ, ನನ್ನಿಂದಾಗದು ಅಂದರು. ಅವರ ಹಿಂದಿನ ವರ್ಷದ ಗಳಿಕೆ ಬೋನಸ್ ಸೇರಿ 5,08,000 ಪೌಂಡ್.

ಮತ್ತೆ ಅಮೆಜಾನಿಗೇ ಬರೋಣ. ಮನೆ ಬಾಗಿಲಿಗೆ ಪೆಟ್ಟಿಗೆ ತರುವ ಡ್ರೈವರ್ ಇದ್ದಾನಲ್ಲ, ಅವನ ಅಂಗಿಯ ಮೇಲೆ ಅಮೆಜಾನ್. ವ್ಯಾನಿನ ಮೇಲೆ ಅಮೆಜಾನ್. ಯಾವ ದಾರಿಯಲ್ಲಿ ಹೋಗಬೇಕು ಅಂತ ಹೇಳುವ ಆ್ಯಪ್ ಅಮೆಜಾನಿನದು. ಇವನೂ ಯೂನಿಯನ್ ಸೇರಿ, ಬನ್ನಿ ನೇರವಾಗಿ ಮಾತಾಡೋಣ ಅಂತ ಅಮೆಜಾನನ್ನು ಕರೆದ. ಅಮೆಜಾನ್ ಹೇಳಿದ್ದು, ನೀನು ನಮ್ಮವನಲ್ಲಪ್ಪ, ನಡುವೆ ಗುತ್ತಿಗೆದಾರ ಕಂಪನಿಯಿದೆ, ಅವರನ್ನು ಕೇಳು. ಆ ಗುತ್ತಿಗೆದಾರರಿಗೂ ಒಂದು ಬಿರುದಿದೆ: ‘ಡೆಲಿವರಿ ಸರ್ವಿಸ್ ಪಾರ್ಟ್ನರ್’. ಗೋದಾಮಿನ ಒಳಗಿದ್ದವನಿಗೆ ನಡುವೆ ಯಾರೂ ಬೇಡ. ಗೇಟು ದಾಟಿದವನಿಗೆ ನಡುವೆ ಒಬ್ಬ ಇರಲೇಬೇಕು.

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ, ಮಾಂಟ್ರಿಯಲ್ ಪಕ್ಕದ ಲವಾಲ್‌ನ ಗೋದಾಮಿನವರು 2024ರ ಮೇ ತಿಂಗಳಲ್ಲಿ ಯೂನಿಯನ್ ಕಟ್ಟಿದರು. ಕೆನಡಾದಲ್ಲಿ ಅಮೆಜಾನಿಗೆ ಅದೇ ಮೊದಲನೆಯದು. ಮೊದಲ ಒಪ್ಪಂದದ ಮಾತುಕತೆ ನಡೆಯುತ್ತಿತ್ತು. 2025ರ ಜನವರಿ 22ರಂದು ಕಂಪನಿ ಆ ಒಂದು ಗೋದಾಮನ್ನಲ್ಲ, ಇಡೀ ಪ್ರಾಂತ್ಯದಲ್ಲಿದ್ದ ತನ್ನ ಏಳೂ ಕೇಂದ್ರಗಳನ್ನು ಮುಚ್ಚುವುದಾಗಿ ಹೇಳಿತು. ಸುಮಾರು 1,700 ಕಾಯಂ ಕೆಲಸಗಾರರು ಮನೆಗೆ. ನೆಗಡಿಯಾಯಿತು ಅಂತ ಮೂಗು ಕೊಯ್ದುಕೊಂಡವರ ಗಾದೆ ಗೊತ್ತು. ಇದು ತಲೆಯನ್ನೇ ತೆಗೆದ ಲೆಕ್ಕ.

ಯೂನಿಯನ್ನಿಗೂ ಇದಕ್ಕೂ ಸಂಬಂಧವಿಲ್ಲ ಅಂತ ಕಂಪನಿ ಸ್ಪಷ್ಟಪಡಿಸಿತು. ಖರ್ಚು ಉಳಿಸಿ ಗ್ರಾಹಕರಿಗೆ ಅನುಕೂಲ ಮಾಡುವುದೇ ಉದ್ದೇಶ. ಅದಕ್ಕಾಗಿ 2020ರವರೆಗೆ ಅಲ್ಲಿದ್ದ ಹಳೆಯ ಪದ್ಧತಿಗೆ ಮರಳುತ್ತಿದ್ದೇವೆ ಅಂದಿತು. ಆ ಪದ್ಧತಿಯ ಹೆಸರನ್ನೂ ಕಂಪನಿಯೇ ಹೇಳಿತು: ಥರ್ಡ್ ಪಾರ್ಟಿ ಡೆಲಿವರಿ ಮಾಡೆಲ್.