ಕತ್ತಿ ಎಲ್ಲಿದೆ?

ನನ್ನ ಹೆಂಡತಿ ಶಿರಸಿ ಕಡೆಯವಳು. ಮದುವೆಯಾಗಿ ಕಲಬುರಗಿಗೆ ಬಂದ ಮೂರನೇ ದಿನ ಬೆಳಿಗ್ಗೆ ತೆಂಗಿನಕಾಯಿ ಹಿಡಿದು ಅಡಿಗೆಮನೆ ಬಾಗಿಲಲ್ಲಿ ನಿಂತಳು. "ಅತ್ತೆ, ಕತ್ತಿ ಎಲ್ಲಿದೆ?"

ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. "ಓಣ್ಯಾಗ ನಿಂತಿರ್ತಾವ ನೋಡವ್ವ. ಮುಂಜಾನೆದ್ದು ನಿನಗ ಕತ್ತಿ ಯಾಕ ಬೇಕು?"

"ಕಾಯಿ ಒಡೆಯಲಿಕ್ಕೆ."

ನಮ್ಮ ಕಡೆ ಮನೆ ಅಂದರೆ ಮನಿ, ಕತ್ತೆ ಅಂದರೆ ಕತ್ತಿ. ಪಾಪ, ಅವಳಿಗೆ ಅದು ಗೊತ್ತಿರಲಿಲ್ಲ. ಶಿರಸಿಯಲ್ಲಿ ಕತ್ತೆಯಿಂದ ಕಾಯಿ ಒಡೆಸುವ ಪದ್ಧತಿ ಇದ್ದೀತು ಎಂದು ಅವ್ವ ಸುಮ್ಮನಾದಳು. ಆದರೆ ಮಧ್ಯಾಹ್ನ ಸೊಸೆ ಬದನೆಕಾಯಿ ಮುಂದಿಟ್ಟುಕೊಂಡು "ಮೆಟ್ಟುಗತ್ತಿ" ಕೇಳಿದಾಗ ನನ್ನನ್ನು ಪಡಸಾಲೆಗೆ ಕರೆದಳು. "ತಮ್ಮಾ, ಹುಡುಗಿ ಆರಾಮ್ ಅದಾಳಲ್ಲ?" ಮೆಟ್ಟುಗತ್ತಿ ಎಂದರೆ ನಮ್ಮ ಈಳಿಗೆ. ಅದನ್ನು ವಿವರಿಸುವಷ್ಟರಲ್ಲಿ ಬದನೆಕಾಯಿ ಬಾಡಿತ್ತು.

ಹನ್ನೆರಡು ವರ್ಷ ಹೀಗೇ ನಡೆಯಿತು. ಜೋಳ ಕೊಯ್ಯುವ ಕುಡುಗೋಲೂ ಅವಳಿಗೆ ಕತ್ತಿಯೇ. ಚಾಕು ಅಂದರೆ ಇಬ್ಬರಿಗೂ ತಿಳಿಯುತ್ತಿತ್ತು, ನಿಜ. ಅದು ಪಾರಸಿಯಿಂದ ಬಂದ ಮಾತು. 1347ರಲ್ಲೇ ಬಹಮನಿಗಳ ರಾಜಧಾನಿಯಾಗಿದ್ದ ಊರು ನಮ್ಮದು, ಪಾರಸಿ ನಮಗೇನು ಹೊಸದಲ್ಲ. ಆದರೆ ಚಾಕು ಉಳ್ಳಾಗಡ್ಡಿಗಷ್ಟೇ, ಕಾಯಿಗಲ್ಲ ಎಂದು ಅವಳ ಹಟ. ಕೊನೆಗೆ ತೀರ್ಪು ಕೊಟ್ಟವಳು ಮಗಳು. ಇಂಗ್ಲಿಷ್ ಮೀಡಿಯಂ, ನಾಲ್ಕನೇ ಕ್ಲಾಸು.

"ಎಲ್ಲಾದಕ್ಕೂ ನೈಫ್ ಅನ್ರಿ. ಜಗಳಾನೇ ಇಲ್ಲ."

ಜಗಳ ಮರುದಿನವೇ ಶುರುವಾಯಿತು. ಅವ್ವ ಮೊಮ್ಮಗಳ ಪಕ್ಕ ಕೂತು ಇಂಗ್ಲಿಷ್ ಅಕ್ಷರ ಕಲಿಯುತ್ತಾಳೆ. ಪುಸ್ತಕದಲ್ಲಿ ಚಾಕುವಿನ ಚಿತ್ರದ ಕೆಳಗಿನ ಪದವನ್ನು ಒಂದೊಂದೇ ಅಕ್ಷರ ಕೂಡಿಸಿ "ಕನೈಫ್" ಎಂದು ಓದಿದಳು.

"ಕೆ ಸೈಲೆಂಟ್, ಆಯಿ."

"ಮಾತಾಡಲಾರದ್ದನ್ನ ಎಲ್ಲಾರ್ಕಿಂತ ಮುಂದ ಯಾಕ ಕುಂದರ್ಸ್ಯಾರ?"

ನಮ್ಮ ಕಚೇರಿಯ ಮೀಟಿಂಗುಗಳು ನೆನಪಾಗಿ ನಾನು ಬಾಯಿ ತೆರೆಯಲಿಲ್ಲ. ಆಮೇಲೆ ಹುಡುಕಿ ನೋಡಿದರೆ ಅವ್ವ ಓದಿದ್ದರಲ್ಲಿ ತಪ್ಪೇ ಇಲ್ಲ. ಇಂಗ್ಲಿಷರಿಗೆ ಆ ಪದ ಸಿಕ್ಕಿದ್ದು ಉತ್ತರದಿಂದ ಬಂದ ವೈಕಿಂಗರ ನಾರ್ಸ್ ಭಾಷೆಯಿಂದ. ಆಗ ಕೆ ಬಾಯಿತುಂಬ ಕೇಳಿಸುತ್ತಿತ್ತು. 17ನೇ ಶತಮಾನದ ಸುಮಾರಿಗೆ ಅದರ ಗಂಟಲು ಕಟ್ಟಿತು. ಕುರ್ಚಿ ಮಾತ್ರ ಬಿಡಲಿಲ್ಲ.

ಬ್ಲೇಡಿನದು ಇನ್ನೊಂದು ಕತೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಎಲೆ ಎಂದೇ ಅರ್ಥವಿತ್ತು. ಹುಲ್ಲಿನ ಎಸಳಿಗೆ ಇವತ್ತಿಗೂ ಅದೇ ಹೆಸರು. 'ಬ್ಲೇಡ್ ಆಫ್ ಗ್ರಾಸ್' ಚಿತ್ರ ಬರೆದು ತನ್ನಿ ಎಂದು ಹೋಮ್‌ವರ್ಕ್ ಬಂದಿತ್ತು. ಮಗಳು ಹಸಿರು ಹುಲ್ಲು ಬರೆದು, ಅದರ ನಡುವೆ ನನ್ನ ಶೇವಿಂಗ್ ಬ್ಲೇಡನ್ನು ಮಧ್ಯದ ಸೀಳಿನ ಸಮೇತ ಬಿಡಿಸಿದ್ದಳು. ಚಂದ ಬಂದಿತ್ತು. ನಾನೇ ಬಣ್ಣ ತುಂಬಲು ಸಹಾಯ ಮಾಡಿದ್ದೆ.

ಕಟ್ಲೆಟ್ ವಿಷಯಕ್ಕೆ ನಾನು ಹೋಗಲೇಬಾರದಿತ್ತು. ಕಟ್ ಮಾಡಿದ್ದಕ್ಕೆ ಕಟ್ಲೆಟ್ ಅಂತ ತಿಳಿದಿದ್ದೆ. ಅಲ್ಲವಂತೆ. ಅದು ಫ್ರೆಂಚ್ ಮಾತು, ಅರ್ಥ 'ಪುಟ್ಟ ಪಕ್ಕೆಲುಬು'. ಅವ್ವ ಮೊಟ್ಟೆ ಒಡೆದ ಮನೆಯಲ್ಲಿ ನೀರು ಕುಡಿಯದವಳು. ಆದರೆ ಹೆಂಡತಿ ಮಾಡುವ ಬೀಟ್ರೂಟ್ ಕಟ್ಲೆಟ್ ಅಂದರೆ ನಾಲ್ಕಕ್ಕೆ ಕಡಿಮೆ ತಿನ್ನುವುದಿಲ್ಲ. ಈ ಗುಟ್ಟು ನನ್ನ ಹತ್ತಿರವೇ ಇರಲಿ.

ಮನೆಯಲ್ಲಿ ಇಷ್ಟಾದರೆ ಕಚೇರಿಯಲ್ಲಿ ನಿಜವಾಗಿ ಕುತ್ತಿಗೆಗೆ ಬಂತು. ಅಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು ನಾನು. ಆರು ಕತ್ತರಿ ತರಿಸಿದ್ದೆ. ಅಂಗಡಿಯವನು ಓದಿದವನು, ಬಿಲ್ಲಿನಲ್ಲಿ ವ್ಯಾಕರಣಶುದ್ಧವಾಗಿ 'ಸಿಕ್ಸ್ ಪೇರ್ಸ್ ಆಫ್ ಸಿಸರ್ಸ್' ಎಂದು ಬರೆದ. ಆಡಿಟ್‌ನವರು ಬಂದರು, ಬಿಲ್ಲು ನೋಡಿದರು, ಕತ್ತರಿ ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಹದಿನೈದು ದಿನಕ್ಕೆ ಆಕ್ಷೇಪಣೆ ಬಂತು: "ಖರೀದಿ 6 ಜೊತೆ, ಅಂದರೆ 12. ದಾಸ್ತಾನಿನಲ್ಲಿರುವುದು 6. ಕೊರತೆ 6. ಸಂಬಂಧಪಟ್ಟವರಿಂದ ವಸೂಲು ಮಾಡತಕ್ಕದ್ದು."

ಸಂಬಂಧಪಟ್ಟವನು ಎರಡು ಪುಟದ ಸಮಜಾಯಿಷಿ ಬರೆದೆ. ಎರಡು ಅಲಗು ಸೇರಿದರೆ ಇಂಗ್ಲಿಷಿನಲ್ಲಿ ಒಂದು ಜೊತೆ, ಆ ಒಂದು ಜೊತೆಯೇ ನಮ್ಮ ಒಂದು ಕತ್ತರಿ. ಪ್ಯಾಂಟಿಗೂ ಇದೇ ಲೆಕ್ಕ. ತಾವು ತಪಾಸಣೆಗೆ ಬಂದ ದಿನ ತೊಟ್ಟಿದ್ದೂ 'ಒಂದು ಪೇರ್' ಪ್ಯಾಂಟೇ, ಆದರೂ ಇನ್ನೊಂದೆಲ್ಲಿ ಎಂದು ನಾವು ಕೇಳಲಿಲ್ಲ ಎಂದೂ ಸೇರಿಸಿದೆ. ಸಾಹೇಬರು ಓದಿ, ಕೆಂಪು ಪೆನ್ನು ತೆಗೆದು ಪ್ಯಾಂಟಿಗೆ ಕತ್ತರಿ ಹಾಕಿದರು. ಪ್ರಕರಣ ಇನ್ನೂ ಮುಗಿದಿಲ್ಲ. ಆ ಆರು ಕತ್ತರಿಯನ್ನು ಯಾರೂ ಮುಟ್ಟುವಂತಿಲ್ಲ ಎಂದು ಬೀರುವಿನಲ್ಲಿಟ್ಟು ಕೀಲಿ ಹಾಕಿದ್ದೇವೆ. ಕಾಗದವನ್ನು ಸ್ಕೇಲ್ ಇಟ್ಟು ಹರಿಯುತ್ತೇವೆ.

ಕಳೆದ ಭಾನುವಾರ ಸಾಣೆ ಹಿಡಿಯುವವನು ಸೈಕಲ್ ತಳ್ಳಿಕೊಂಡು ಓಣಿಗೆ ಬಂದ. ಮನೆಯ ಚಾಕು ಎಷ್ಟು ಮೊಂಡಾಗಿತ್ತೆಂದರೆ ಟೊಮೆಟೊ ಕೂಡ ಅದಕ್ಕೆ ಹೆದರುತ್ತಿರಲಿಲ್ಲ. ಅವನು ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕೂತು ಪೆಡಲ್ ತುಳಿದ. ಕಿಡಿ ಹಾರಿತು. ಹೆಬ್ಬೆರಳಿನಿಂದ ಅಲಗು ಸವರಿ ನೋಡಿ, "ಹುಷಾರಿ ಸಾಹೇಬ್ರ" ಎಂದು ಕೊಟ್ಟ.

ಹುಷಾರಿಯ ಮಾತು ಕೇಳಿದವರು ಯಾರು? ಟಿವಿಯ ಅಡಿಗೆಯವರ ಹಾಗೆ ಟಕಟಕ ಉಳ್ಳಾಗಡ್ಡಿ ಹೆಚ್ಚಿ ತೋರಿಸುತ್ತೇನೆಂದು ಕೂತೆ. ಮೂರನೇ ಟಕ್ಕಿಗೆ ಬೆರಳು. ಅವ್ವ ಅರಿಶಿನ ಹಚ್ಚಿದಳು, ರಕ್ತ ನಿಲ್ಲಲಿಲ್ಲ. ಹೆಂಡತಿ ಸ್ಕೂಟಿಯಲ್ಲಿ ಕೂರಿಸಿಕೊಂಡು ಹತ್ತಿರದ ದವಾಖಾನೆಗೆ ಒಯ್ದಳು. ನನ್ನ ಕೈಗೆ ಸುತ್ತಿದ್ದ ಟವೆಲ್ ಅಷ್ಟರಲ್ಲಿ ಕೆಂಪಾಗಿತ್ತು.

"ಏನಾಗ್ಯದ್ರಿ?" ಎಂದರು ಸಿಸ್ಟರ್.

ಗಾಬರಿಯಾದಾಗ ಯಾರಿಗಾದರೂ ತವರಿನ ಮಾತೇ ಬರುತ್ತದೆ. ಹನ್ನೆರಡು ವರ್ಷದ ಚಾಕು, ಮಗಳು ಕಲಿಸಿದ ನೈಫ್ ಎಲ್ಲ ಹೋಗಿ, "ಕತ್ತಿ! ಇವರಿಗೆ ಕತ್ತಿ ತಾಗಿದೆ! ಬೆರಳೇ ಹೋಯಿತೋ ಏನೋ!" ಎಂದು ಕೂಗಿದಳು.

ಸಿಸ್ಟರ್ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ರಿಜಿಸ್ಟರ್ ಎಳೆದುಕೊಂಡರು.

"ಕಡದದೇನ್ರಿ? ಸಾಕಿದ್ದೋ, ಓಣೀದೋ?"